ಅಂಗಡಿ ಬಿಟ್ಟೇಳಲು ಐದು ನಿಮಿಷ ಸಿಗುವಂತಿರಲಿ

ಮಾನ್ಯ ಸಂಪಾದಕರೇ,

ದುಡಿಯುವ ತಂದೆ ತಾಯಂದಿರು ಮಕ್ಕಳನ್ನು ಹೇಗೆ ನೋಡಿಕೊಳ್ಳಬೇಕು ಎಂಬ ಬರಹಗಳು ಪತ್ರಿಕೆಗಳಲ್ಲಿ ಆಗಾಗ ಬರುತ್ತವೆ. ಬೆಳಿಗ್ಗೆ ಮನೆ ಬಿಟ್ಟು ಸಂಜೆ ಮರಳುವವರನ್ನು ಮನಸ್ಸಿನಲ್ಲಿಟ್ಟುಕೊಂಡೇ ಅವನ್ನು ಬರೆದಿರುತ್ತಾರೆ. ಗಂಡ ಹೆಂಡತಿ ಸೇರಿ ನಡೆಸುವ ಸಣ್ಣ ಅಂಗಡಿಯ ಪಾಡು ಬೇರೆ. ಅಲ್ಲಿ ಮಗು ಗಲ್ಲಾದ ಪಕ್ಕದಲ್ಲೇ ಇರುತ್ತದೆ, ಗಿರಾಕಿ ಎದುರಿಗೇ ನಿಂತಿರುತ್ತಾರೆ, ಇಬ್ಬರೂ ಒಟ್ಟಿಗೇ ಕರೆಯುತ್ತಾರೆ. ಮಗು ಕಣ್ಣೆದುರೇ ಇದೆಯಲ್ಲ, ಇನ್ನೇನು ಚಿಂತೆ ಎಂದು ನೋಡುವವರಿಗೆ ಅನ್ನಿಸಬಹುದು. ಕಣ್ಣೆದುರಿದ್ದರೂ ಕೈಗೆ ಸಿಗದ ಸ್ಥಿತಿ ಅದು.

ಈ ಕಸುಬಿನಲ್ಲಿರುವವರಾಗಿ ನಾವು ಹೇಳಬೇಕೆಂದಿರುವುದು ಒಂದೇ. ಅಂಗಡಿಯನ್ನು ಯಾವ ಹೊತ್ತಿನಲ್ಲಾದರೂ ಐದು ನಿಮಿಷ ಬಿಟ್ಟೇಳಬಹುದಾದ ಹಾಗೆ ಜೋಡಿಸಿಟ್ಟುಕೊಳ್ಳಬೇಕು. ಬಿದ್ದ ಮಗುವನ್ನು ಎತ್ತಿಕೊಳ್ಳಲು, ನಿದ್ದೆಗೆ ಒರಗಿಸಲು, ಶಾಲೆಯಿಂದ ಬಂದವರ ಮಾತು ಕೇಳಲು ಬೇಕಾಗುವುದು ಅಷ್ಟೇ ಹೊತ್ತು. ಅದು ಸಿಗದಿದ್ದರೆ ನಾವು ಗಿರಾಕಿಗಳ ನೂಕುನುಗ್ಗಲನ್ನು ದೂರುತ್ತೇವೆ. ಸರಿಯಾಗಿ ನೋಡಿದರೆ ಬೆಲೆಯೆಲ್ಲ ಒಬ್ಬರ ತಲೆಯಲ್ಲೇ ಇರುತ್ತದೆ, ಗಲ್ಲಾಪೆಟ್ಟಿಗೆಗೆ ಬೀಗ ಇರುವುದಿಲ್ಲ, ಉದ್ರಿ ಲೆಕ್ಕ ಚೀಟಿಗಳಲ್ಲಿ ಚದುರಿರುತ್ತದೆ, ಸರಕಿನ ಗಾಡಿ ಯಾವಾಗ ಬರುತ್ತದೆಂದು ಗೊತ್ತಿರುವುದಿಲ್ಲ. ಇವನ್ನು ಸರಿಪಡಿಸಲು ಹೆಚ್ಚು ದುಡ್ಡು ಬೇಕಿಲ್ಲ.

ಮೊದಲು ಬೆಲೆ. ಪ್ರತಿ ಮಾಲಿನ ಬೆಲೆ ರ್‍ಯಾಕಿನ ಅಂಚಿನಲ್ಲಿ, ಆ ಮಾಲಿನ ನೇರ ಕೆಳಗೆ, ಒಂದು ಮಾರು ದೂರದಿಂದ ಓದಲು ಬರುವಷ್ಟು ದಪ್ಪ ಅಕ್ಷರದಲ್ಲಿರಬೇಕು. ತೂಗಿ ಕೊಡುವ ಮಾಲಿಗೆ ತಕ್ಕಡಿಯ ಪಕ್ಕದಲ್ಲೇ ಒಂದು ರಟ್ಟು ನೇತುಹಾಕಿ, ಕಾಲು ಕಿಲೋ, ಅರ್ಧ ಕಿಲೋ, ಒಂದು ಕಿಲೋಗೆ ಎಷ್ಟೆಷ್ಟು ಎಂದು ಮೊದಲೇ ಲೆಕ್ಕ ಹಾಕಿ ಬರೆದಿಡಬೇಕು. ಅಂಗಡಿಯ ಒಳಹೊರಗು ಗೊತ್ತಿಲ್ಲದ ನೆಂಟರೂ ಆಗ ಅರ್ಧ ಗಂಟೆ ಕೂತು ವ್ಯಾಪಾರ ಮಾಡಬಹುದು. ಬೆಲೆ ಏರಿದ ದಿನ ಚೀಟಿ ಬದಲಾಗದಿದ್ದರೆ ಮಾತ್ರ ಈ ಏರ್ಪಾಟು ಕೆಡುತ್ತದೆ. ಹೊಸ ಮಾಲು ಬಂದಾಗ ಚೀಟಿ ಬರೆದಾದ ಮೇಲೆಯೇ ಮಾಲು ರ್‍ಯಾಕಿಗೆ ಏರಲಿ. "ಆಮೇಲೆ ಬರೆದರಾಯಿತು" ಅಂದರೆ ಆ ಚೀಟಿ ಬರೆಯುವುದೇ ಇಲ್ಲ.

ಗಲ್ಲಾಪೆಟ್ಟಿಗೆಗೆ ಬೀಗವಿರಲಿ, ಕೀ ಮೈಮೇಲಿರಲಿ. ಗೋಡೆಗೋ ಮೇಜಿಗೋ ಬೋಲ್ಟ್ ಹಾಕಿ ಕೂರಿಸಿದ, ಮೇಲೆ ಸೀಳಿರುವ ಇನ್ನೊಂದು ಡಬ್ಬಿ ಇಟ್ಟುಕೊಂಡು, ದೊಡ್ಡ ನೋಟುಗಳನ್ನು ದಿನಕ್ಕೆರಡು ಸಲ ಅದಕ್ಕೆ ಇಳಿಸಬೇಕು. ಗಲ್ಲಾದಲ್ಲಿ ಚಿಲ್ಲರೆಯಷ್ಟೇ ಉಳಿದಾಗ ಎದ್ದು ಹೋಗಲು ಧೈರ್ಯ ಬರುತ್ತದೆ. ಬಾಗಿಲಿಗೆ ತೂಗುಹಾಕುವ ಬೋರ್ಡಿನ ಮೇಲೆ "ಐದು ನಿಮಿಷದಲ್ಲಿ ಬರುತ್ತೇವೆ" ಎಂದು ಬರೆದರೆ ಉಪಯೋಗವಿಲ್ಲ, ಆ ಐದು ನಿಮಿಷ ಎಲ್ಲಿಂದ ಶುರುವಾಯಿತೆಂದು ಬಂದವರಿಗೆ ತಿಳಿಯುವುದಿಲ್ಲ. "11.20ಕ್ಕೆ ಬರುತ್ತೇವೆ" ಎಂದು ಗಂಟೆಯನ್ನೇ ಬರೆಯಿರಿ, ಸೀಮೆಸುಣ್ಣ ಸಾಕು. ಬರೆದ ಗಂಟೆಗೆ ಬಂದರೆ ಗಿರಾಕಿ ಕಾಯುವುದು ಕಲಿಯುತ್ತಾರೆ.

ಹಣದ ಲೆಕ್ಕ ತಪ್ಪುವುದು ಸಾಮಾನ್ಯವಾಗಿ ಮಗು ಅಳುತ್ತಿರುವಾಗ. ಮೋಸ ಮಾಡುವವರಿಗೂ ಈ ಹೊತ್ತು ಚೆನ್ನಾಗಿ ಗೊತ್ತು. ದೊಡ್ಡ ನೋಟು ಕೊಟ್ಟು, ಚಿಲ್ಲರೆ ಎಣಿಸುವಾಗ ನಡುವೆ "ಬೇಡ, ಇದನ್ನು ತಗೊಳ್ಳಿ" ಎಂದು ಇನ್ನೊಂದು ನೋಟು ಚಾಚಿ, ಮೊದಲನೆಯದನ್ನು ವಾಪಸು ಕೇಳಿ ಗೊಂದಲ ಎಬ್ಬಿಸುವುದು ಹಳೆಯ ಉಪಾಯ. ಕೊಟ್ಟ ನೋಟನ್ನು ಚಿಲ್ಲರೆ ಎಣಿಸಿ ಕೊಟ್ಟು ಮುಗಿಯುವ ತನಕ ಗಲ್ಲಾಪೆಟ್ಟಿಗೆಯ ಮುಚ್ಚಳದ ಮೇಲೆ, ಇಬ್ಬರಿಗೂ ಕಾಣುವಂತೆ ಇಟ್ಟಿರಬೇಕು. ಒಂದು ವ್ಯವಹಾರ ಮುಗಿಯದೆ ಇನ್ನೊಂದಕ್ಕೆ ಕೈ ಹಾಕಬಾರದು. ಚಿಲ್ಲರೆಯನ್ನು ಮೇಲೇರುತ್ತಾ ಎಣಿಸುವುದು ಒಳ್ಳೆಯದು. ಬಿಲ್ಲು 63, ಕೊಟ್ಟದ್ದು 100 ಆದರೆ ಮನಸ್ಸಿನಲ್ಲಿ ಕಳೆಯುತ್ತಾ ಕೂರದೆ, "65, 70, 80, 90, 100" ಎಂದು ಬಾಯಿಬಿಟ್ಟು ಹೇಳುತ್ತಾ ಕೈಗೆ ಹಾಕಬೇಕು. ನಡುವೆ ಮಗು ಕೂಗಿದರೂ ಎಲ್ಲಿಗೆ ನಿಂತಿತೆಂದು ಎದುರಿಗಿದ್ದವರಿಗೂ ಗೊತ್ತಿರುತ್ತದೆ. ಮೊಬೈಲಿನಲ್ಲಿ ಹಣ ಬಂದಾಗ ಗಿರಾಕಿಯ ಪರದೆ ನೋಡಿ ತಲೆಯಾಡಿಸಬಾರದು, ನಮ್ಮ ಖಾತೆಗೆ ಬಂದದ್ದನ್ನೇ ನೋಡಬೇಕು. ಹಣ ಕಳಿಸಿದಂತೆ ತೋರಿಸುವ ನಕಲಿ ಚಿತ್ರಗಳು ಸುಲಭವಾಗಿ ಸಿಗುತ್ತವೆ.

ರಾತ್ರಿ ಲೆಕ್ಕ ಹತ್ತು ನಿಮಿಷದಲ್ಲಿ ಮುಗಿಯಬೇಕು, ಇಲ್ಲದಿದ್ದರೆ ಮಕ್ಕಳ ಮಲಗುವ ಹೊತ್ತನ್ನು ಅದು ನುಂಗುತ್ತದೆ. ಪ್ರತಿ ಬೆಳಿಗ್ಗೆ ಗಲ್ಲಾದಲ್ಲಿ ಒಂದೇ ಮೊತ್ತದ ಚಿಲ್ಲರೆ ಇಟ್ಟು ಶುರುಮಾಡಿ. ಸಂಜೆ ಆ ಚಿಲ್ಲರೆಗೆ ನಗದು ಮಾರಾಟ ಕೂಡಿಸಿ, ವಸೂಲಾದ ಉದ್ರಿ ಕೂಡಿಸಿ, ಸರಕಿನವರಿಗೆ ಕೊಟ್ಟದ್ದನ್ನೂ ಮನೆಗೆ ತೆಗೆದ ಹಣವನ್ನೂ ಕಳೆದರೆ ಪೆಟ್ಟಿಗೆಯಲ್ಲಿ ಇರಬೇಕಾದ ಹಣ ಸಿಗುತ್ತದೆ. ಇದಕ್ಕೂ ಎಣಿಸಿದ್ದಕ್ಕೂ ವ್ಯತ್ಯಾಸ ಬಂದರೆ ಆ ಅಂಕಿಯನ್ನು ಹಾಗೇ ಬರೆದಿಟ್ಟು ಎದ್ದುಬಿಡಬೇಕು, ಹುಡುಕಾಟ ನಾಳೆಗೆ. ಒಂದು ವಾರದ ವ್ಯತ್ಯಾಸಗಳನ್ನು ಸಾಲಾಗಿ ನೋಡಿದರೆ ಕಾರಣ ತಾನೇ ಕಾಣುತ್ತದೆ. ಸದಾ ಕಡಿಮೆ ಬರುತ್ತಿದ್ದರೆ ಎಲ್ಲೋ ಬರೆಯದ ಖರ್ಚಿದೆ. ಒಮ್ಮೆ ಹೆಚ್ಚು, ಒಮ್ಮೆ ಕಡಿಮೆ ಆಗುತ್ತಿದ್ದರೆ ಚಿಲ್ಲರೆ ಕೊಡುವಾಗಿನ ಅವಸರ.

ಹಣದಂತೆ ಮನೆಗೆ ಒಯ್ದ ಮಾಲನ್ನೂ ಬರೆದಿಡಬೇಕು, ಇದನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಅಂಗಡಿ ನಮ್ಮದೇ, ಮಾಲೂ ನಮ್ಮದೇ ಎಂದು ರ್‍ಯಾಕಿನಿಂದ ಎತ್ತಿಕೊಂಡು ಹೋದದ್ದೆಲ್ಲ ಲೆಕ್ಕಕ್ಕೆ ಸಿಗದೆ, ತಿಂಗಳ ಕೊನೆಗೆ ವ್ಯಾಪಾರದಲ್ಲಿ ಏನೂ ಉಳಿಯುತ್ತಿಲ್ಲ ಎಂಬ ಭಯ ಹುಟ್ಟುತ್ತದೆ. ಆ ಭಯಕ್ಕೆ ಅಂಗಡಿ ಇನ್ನೂ ಒಂದು ಗಂಟೆ ಹೆಚ್ಚು ತೆರೆದಿರುತ್ತದೆ. ಮನೆ ಖಾತೆ ಎಂದು ಒಂದು ಪುಟ ತೆಗೆದು, ಒಯ್ದ ಪ್ರತಿ ಸಾಮಾನನ್ನೂ ಕೊಂಡ ಬೆಲೆಯಲ್ಲಿ ಬರೆಯಬೇಕು. ಮಕ್ಕಳು ತೆಗೆದುಕೊಂಡದ್ದನ್ನೂ ಅವರ ಎದುರೇ ಬರೆಯಬೇಕು. ಮಾಲಿನ ಹಣ ಸಗಟು ವ್ಯಾಪಾರಿಗೆ ಇನ್ನೂ ಕೊಡಬೇಕಿದೆ ಎಂಬುದನ್ನು ಮಕ್ಕಳಿಗೆ ಬೈದು ಹೇಳುವ ಅಗತ್ಯ ಆಗ ಬರುವುದಿಲ್ಲ.

ಈಗ ಅಂಗಡಿ ಮುಚ್ಚುವ ಹೊತ್ತಿನ ವಿಚಾರ. ಮಕ್ಕಳಿರುವ ಅಂಗಡಿಗೆ ಇದಕ್ಕಿಂತ ದೊಡ್ಡ ನಿರ್ಧಾರ ಇನ್ನೊಂದಿಲ್ಲ ಎಂಬುದು ನಮ್ಮ ಖಚಿತ ಅಭಿಪ್ರಾಯ. 4 ವಾರ ಒಂದು ಹಾಳೆಯಲ್ಲಿ ಗಂಟೆಗಂಟೆಗೂ ಗೆರೆ ಎಳೆದು ಯಾವ ಗಂಟೆಯಲ್ಲಿ ಎಷ್ಟು ಮಾರಾಟವಾಯಿತೆಂದು ಬರೆಯಿರಿ. 4 ವಾರ ಏಕೆಂದರೆ ಸಂಬಳದ ವಾರಕ್ಕೂ ತಿಂಗಳ ಕೊನೆಗೂ ಅಜಗಜಾಂತರ. ಆಮೇಲೆ ಕೊನೆಯ ಗಂಟೆಯ ಮಾರಾಟವನ್ನು ನೋಡದೆ, ಅದರಲ್ಲಿ ಉಳಿಯುವುದೆಷ್ಟು ಎಂದು ನೋಡಬೇಕು. ಮಾರಾಟ 400, ಉಳಿಕೆ ನೂರಕ್ಕೆ 15 ಆದರೆ ಕೈಗೆ ಬರುವುದು 60. ಅದರಲ್ಲಿ ಆ ಗಂಟೆಯ ದೀಪದ ಖರ್ಚು ಹೋಗಬೇಕು. ಆ ಗಿರಾಕಿಗಳಲ್ಲಿ ಎಷ್ಟು ಜನ ಹೇಗೂ ಬೆಳಿಗ್ಗೆ ಬರುವವರೇ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಉಳಿದ ಅಂಕಿಯನ್ನು ಮಕ್ಕಳ ನಿದ್ದೆಯ ಪಕ್ಕದಲ್ಲಿಟ್ಟು ನೋಡಿ. ಅಮೆರಿಕದ ನಿದ್ರಾ ವೈದ್ಯರ ಅಕಾಡೆಮಿ 2016ರಲ್ಲಿ ಹೇಳಿದಂತೆ ದಿನಕ್ಕೆ 3ರಿಂದ 5 ವರ್ಷದವರಿಗೆ ಹಗಲು ನಿದ್ದೆಯೂ ಸೇರಿ 10ರಿಂದ 13 ಗಂಟೆ, 6ರಿಂದ 12 ವರ್ಷದವರಿಗೆ 9ರಿಂದ 12 ಗಂಟೆ, 13ರಿಂದ 18ರವರಿಗೆ 8ರಿಂದ 10 ಗಂಟೆ ನಿದ್ದೆ ಬೇಕು. ಬೆಳಿಗ್ಗೆ 6.30ಕ್ಕೆ ಏಳಬೇಕಾದ 8 ವರ್ಷದ ಮಗು 9 ಗಂಟೆಯಾದರೂ ನಿದ್ದೆ ಮಾಡಬೇಕೆಂದರೆ ರಾತ್ರಿ 9.30ಕ್ಕೆ ಕಣ್ಣು ಮುಚ್ಚಿರಬೇಕು. ಊಟ, ಸ್ನಾನ, ನಾಲ್ಕು ಮಾತು ಅಂತ ಒಂದೂವರೆ ಗಂಟೆ ಹಿಡಿದರೆ ದೊಡ್ಡವರಲ್ಲಿ ಒಬ್ಬರಾದರೂ 8ಕ್ಕೆ ಅಂಗಡಿಯಿಂದ ಬಿಡುಗಡೆಯಾಗಬೇಕು. ಲೆಕ್ಕ ಹೀಗೆ ಮಗುವಿನ ಏಳುವ ಹೊತ್ತಿನಿಂದ ಹಿಂದಕ್ಕೆ ಬರಬೇಕು. ಗಿರಾಕಿ ನಿಂತ ಮೇಲೆ ಮುಚ್ಚೋಣ ಎಂದು ಕೂತರೆ ಗಿರಾಕಿ ಯಾವತ್ತೂ ಪೂರ್ತಿ ನಿಲ್ಲುವುದಿಲ್ಲ. ಹೊತ್ತು ಬದಲಿಸುವಾಗ ಒಮ್ಮೆಲೇ ಒಂದು ಗಂಟೆ ಇಳಿಸದೆ ವಾರಕ್ಕೆ 15 ನಿಮಿಷದಂತೆ ಇಳಿಸಿ, ಎರಡು ವಾರ ಮುಂಚೆಯೇ ಬಾಗಿಲಿಗೆ ಬರೆದು ಹಾಕಿದರೆ ವ್ಯಾಪಾರ ಹಿಂದಿನ ಗಂಟೆಗಳಿಗೆ ಸರಿಯುತ್ತದೆ.

ಇದರ ಜೊತೆಗೇ ರಿಯಾಯಿತಿಯ ಒಂದು ಮಾತು. 80ಕ್ಕೆ ಕೊಂಡು 100ಕ್ಕೆ ಮಾರುವ ಮಾಲಿಗೆ ನೂರಕ್ಕೆ 10 ಬಿಟ್ಟರೆ ಉಳಿಕೆ 20ರಿಂದ 10ಕ್ಕೆ ಇಳಿಯುತ್ತದೆ. ಮೊದಲಿನಷ್ಟೇ ಗಳಿಸಲು ಎರಡರಷ್ಟು ಮಾರಬೇಕು, ಎರಡರಷ್ಟು ಎತ್ತಿಡಬೇಕು, ಎರಡರಷ್ಟು ಹೊತ್ತು ನಿಲ್ಲಬೇಕು. ಮಕ್ಕಳಿರುವ ಮನೆಗೆ ಹೊತ್ತೇ ಇಲ್ಲ. ಕೂಗಿ ಕೇಳಿದವರಿಗೆಲ್ಲ ಬೆಲೆ ಇಳಿಸುವ ಅಭ್ಯಾಸ ಮೊದಲು ಬಿಡಬೇಕು.

ಸರಕು ತರಿಸುವುದಕ್ಕೂ ಒಂದು ಸರಳ ಲೆಕ್ಕವಿದೆ. ದಿನಕ್ಕೆ 6 ಹೋಗುವ ಮಾಲು ಹೇಳಿದ 4 ದಿನಕ್ಕೆ ಬರುವುದಾದರೆ 24, ತಡವಾದರೆ ಇರಲಿ ಎಂದು 2 ದಿನದ 12 ಸೇರಿಸಿ 36. ಹಿಂದಿನಿಂದ ಎಣಿಸಿ 36ನೆಯದರ ಮುಂದೆ ಬಣ್ಣದ ರಟ್ಟು ಸಿಕ್ಕಿಸಿಡಿ. ರಟ್ಟು ಕಂಡ ದಿನ ಆರ್ಡರ್. ಮಾರಾಟ ಹೆಚ್ಚಿರುವ, ತೀರಿದರೆ ಗಿರಾಕಿ ಬೇರೆ ಕಡೆ ಹೋಗಿಬಿಡುವ ಮಾಲುಗಳಿಗೆ ಮಾತ್ರ ಇದನ್ನು ಮಾಡಿದರೆ ಸಾಕು. ಹೊಸ ಮಾಲು ಹಿಂದೆ, ಹಳೆಯದು ಮುಂದೆ ಎಂಬುದು ಎಲ್ಲರಿಗೂ ಗೊತ್ತಿರುವುದೇ. ಗಾಡಿ ಬರುವ ಹೊತ್ತು ಮಾತ್ರ ಶಾಲೆ ಬಿಡುವ ಹೊತ್ತಿಗೆ ತಾಗಬಾರದು. ತಾಗಿದರೆ ಎಣಿಸದೆ ಸಹಿ ಹಾಕುತ್ತೇವೆ, ಕಡಿಮೆ ಬಂದದ್ದು ಮರುದಿನ ಗೊತ್ತಾಗುತ್ತದೆ, ಆಗ ಯಾರೂ ಒಪ್ಪುವುದಿಲ್ಲ. ಪೆಟ್ಟಿಗೆಗಳನ್ನು ಎಣಿಸಿ, ಪ್ರತಿ ಬಗೆಯಲ್ಲೂ ಒಂದನ್ನು ಬಿಚ್ಚಿ ಅವಧಿ ಮುಗಿಯುವ ದಿನಾಂಕ ನೋಡಿ, ಒಡೆದದ್ದು ಅಥವಾ ಕಡಿಮೆ ಬಂದದ್ದನ್ನು ಅವರ ಪ್ರತಿಯಲ್ಲೂ ನಮ್ಮ ಪ್ರತಿಯಲ್ಲೂ ಬರೆದ ಮೇಲೆಯೇ ಸಹಿ. ಅವಸರವಾದರೆ "ಎಣಿಸಿಲ್ಲ" ಎಂದು ಸಹಿಯ ಪಕ್ಕ ಬರೆಯುವುದಾದರೂ ಬೇಕು.

ಎದೆಹಾಲಿನ ಕೂಸಿದ್ದಾಗ ಅಂಗಡಿಯ ದಿನಚರಿಯೇ ಬೇರೆಯಾಗುತ್ತದೆ. ಹೊಸ ಕೂಸು ದಿನಕ್ಕೆ 8ರಿಂದ 12 ಸಲ ಹಾಲು ಕೇಳುತ್ತದೆ. ಮೊದಲ 6 ತಿಂಗಳು ಎದೆಹಾಲು ಬಿಟ್ಟು ಬೇರೇನೂ ಬೇಡ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಈ ತಿಂಗಳುಗಳಲ್ಲಿ ತಾಯಿಯ ಹೆಸರಿಗೆ ಗಲ್ಲಾ ಕೆಲಸ ಬರೆಯುವುದೇ ತಪ್ಪು. ಅವರು ಬಿಡುವಿದ್ದಾಗ ಬಂದು ಕೂರುವವರೇ ಹೊರತು ಪಾಳಿಯವರಲ್ಲ. ಹಿಂಡಿಟ್ಟ ಹಾಲು 25 ಡಿಗ್ರಿ ಸೆಲ್ಸಿಯಸ್‌ವರೆಗಿನ ಕೋಣೆಯಲ್ಲಿ 4 ಗಂಟೆ, ಫ್ರಿಜ್ಜಿನಲ್ಲಿ 4 ದಿನ ಇರುತ್ತದೆ. ಹಿಂಡಿದ ಹೊತ್ತನ್ನು ಡಬ್ಬಿಯ ಮೇಲೆ ಬರೆಯಬೇಕು, ಮತ್ತು ಅಂಗಡಿಯ ತಂಪುಪೆಟ್ಟಿಗೆಯ ಬಾಗಿಲಿನಲ್ಲಿ ಇಡಬಾರದು. ಗಿರಾಕಿಗಾಗಿ ಪದೇಪದೇ ತೆರೆಯುವ ಬಾಗಿಲದು, ಅಲ್ಲಿ ತಂಪು ನಿಲ್ಲುವುದಿಲ್ಲ. ಒಳಗೆ ಹಿಂದಿನ ಗೋಡೆಗೆ ತಾಗಿ ಇಡಿ. ನೋಟು ಮುಟ್ಟಿದ ಕೈಯನ್ನು ಸೋಪು ಹಾಕಿ 20 ಸೆಕೆಂಡು ಉಜ್ಜಿ ತೊಳೆದೇ ಕೂಸನ್ನು ಎತ್ತಿಕೊಳ್ಳಬೇಕು, ಹಾಗಾಗಿ ನೀರು ಗಲ್ಲಾದಿಂದ ನಾಲ್ಕು ಹೆಜ್ಜೆಯೊಳಗೆ ಇರಬೇಕು.

ಅಂಬೆಗಾಲಿಡುವುದು ಶುರುವಾದ ದಿನ ದೊಡ್ಡವರೊಬ್ಬರು ಅಂಗಡಿಯ ನೆಲದ ಮೇಲೆ ಮಂಡಿಯೂರಿ ಒಂದು ಸುತ್ತು ಹಾಕಬೇಕು. ನಿಂತು ನೋಡಿದರೆ ಕಾಣದ್ದು ಆಗ ಕಾಣುತ್ತದೆ. ರ್‍ಯಾಕಿನ ಕೆಳಗೆ ಉರುಳಿದ ನಾಣ್ಯ, ಪೆಟ್ಟಿಗೆಯಿಂದ ಕಿತ್ತ ಸ್ಟೇಪಲ್ ಪಿನ್ನು, ಹರಿದ ಪ್ಲಾಸ್ಟಿಕ್ ಚೂರು, ಇಲಿ ಜಿರಲೆಗೆ ಇಟ್ಟ ಔಷಧ. ಮೂರು ವರ್ಷದೊಳಗಿನವರಿಗೆ ಯಾವುದು ಅಪಾಯ ಎಂದು ಅಳೆಯಲು ಆಟಿಕೆ ಪರೀಕ್ಷಿಸುವವರು ಸುಮಾರು 32 ಮಿಲಿಮೀಟರ್ ಅಗಲದ ಕೊಳವೆ ಬಳಸುತ್ತಾರೆ. ಅದರೊಳಗೆ ಪೂರ್ತಿ ಇಳಿಯುವ ಯಾವುದೂ ಗಂಟಲಲ್ಲಿ ಸಿಕ್ಕಿಕೊಳ್ಳಬಹುದು. ಅಂಥ ಮಾಲೆಲ್ಲ ಸೊಂಟದ ಎತ್ತರಕ್ಕಿಂತ ಮೇಲೆ ಹೋಗಬೇಕು.

ಇವುಗಳಲ್ಲಿ ಗುಂಡಿಯಂಥ ಚಪ್ಪಟೆ ಬ್ಯಾಟರಿಯನ್ನು, ಅಂದರೆ ಬಟನ್ ಸೆಲ್ಲನ್ನು ನಾವು ಬೇರೆಯಾಗಿಯೇ ಹೇಳುತ್ತೇವೆ, ಏಕೆಂದರೆ ಅಂಗಡಿಯಲ್ಲಿ ಅದು ಮಾರುವ ಮಾಲೂ ಹೌದು, ಬಳಸುವ ವಸ್ತುವೂ ಹೌದು. ಸಣ್ಣ ತಕ್ಕಡಿಯಲ್ಲಿ, ಕ್ಯಾಲ್ಕುಲೇಟರಿನಲ್ಲಿ, ರಿಮೋಟಿನಲ್ಲಿ, ಹಾಡುವ ಆಟಿಕೆಯಲ್ಲಿ ಅದಿರುತ್ತದೆ. ಸಿಆರ್2032 ಎಂದು ಬರೆದದ್ದು 20 ಮಿಲಿಮೀಟರ್ ಅಗಲ, 3.2 ಮಿಲಿಮೀಟರ್ ದಪ್ಪ. ಮಗುವಿನ ಅನ್ನನಾಳದಲ್ಲಿ ಸರಿಯಾಗಿ ಸಿಕ್ಕಿಕೊಳ್ಳುವ ಅಳತೆ. ಒದ್ದೆ ಗೋಡೆಗೆ ಅದು ತಾಗಿದೊಡನೆ ಕರೆಂಟು ಹರಿದು, ಋಣ ಬದಿಯಲ್ಲಿ ಕ್ಷಾರ ಹುಟ್ಟಿ, 2 ಗಂಟೆಯೊಳಗೆ ಆಳವಾಗಿ ಸುಡಬಲ್ಲದು. ಸತ್ತ ಸೆಲ್ಲೆಂದು ಎಸೆದದ್ದರಲ್ಲೂ ಇದಕ್ಕೆ ಸಾಕಾಗುವಷ್ಟು ಕರೆಂಟು ಉಳಿದಿರುತ್ತದೆ. ಜೊಲ್ಲು ಸುರಿಯುವುದು, ಕೆಮ್ಮು, ನುಂಗಲು ಒಲ್ಲೆನ್ನುವುದು ಕಾಣಬಹುದು, ಏನೂ ಕಾಣದೆಯೂ ಇರಬಹುದು. ನುಂಗಿರಬಹುದೆಂಬ ಅನುಮಾನ ಸಾಕು, ವಾಂತಿ ಮಾಡಿಸಲು ಹೋಗದೆ, ಕಾದು ನೋಡದೆ ತಕ್ಷಣ ಎಕ್ಸ್‌ರೇ ಇರುವ ಆಸ್ಪತ್ರೆಗೆ ಹೋಗಿ "ಬಟನ್ ಸೆಲ್" ಎಂದು ಮೊದಲ ಮಾತಿನಲ್ಲೇ ಹೇಳಬೇಕು. ಅಂಗಡಿಯಲ್ಲಿ ಸೆಲ್ ಬದಲಿಸಿದ ಕೂಡಲೇ ಹಳೆಯದರ ಎರಡೂ ಬದಿಗೆ ಟೇಪು ಸುತ್ತಿ, ಮುಚ್ಚಳವಿರುವ ಡಬ್ಬಿಗೆ ಹಾಕಿ ಎತ್ತರದಲ್ಲಿಡಬೇಕು. ಸ್ಕ್ರೂ ಇಲ್ಲದೆ ಬೆರಳಿನಿಂದ ತೆರೆಯುವ ಮುಚ್ಚಳದ ಸಾಮಾನನ್ನು ಮಕ್ಕಳಿರುವ ಅಂಗಡಿಯಲ್ಲಿ ಬಳಸದಿರುವುದೇ ಮೇಲು.

ರ್‍ಯಾಕುಗಳನ್ನು ಮೇಲ್ಭಾಗದಲ್ಲಿ ಎಲ್ ಆಕಾರದ ಪಟ್ಟಿ ಹಾಕಿ ಗೋಡೆಗೆ ಬಿಗಿಯಬೇಕು, ಭಾರದ ಮಾಲು ಕೆಳಗೆ. ಮಗುವಿನ ಕಣ್ಣು ಸೆಳೆಯುವ ಬಣ್ಣದ ಸಾಮಾನನ್ನು ಮೇಲಿನ ಹಲಗೆಯಲ್ಲಿ ಜೋಡಿಸಿದರೆ ಮಗು ರ್‍ಯಾಕನ್ನು ಹತ್ತಿಯೇ ಹತ್ತುತ್ತದೆ. ನೆಲ ಒರೆಸುವ ಆಸಿಡ್, ಬ್ಲೀಚು ಇತ್ಯಾದಿಗಳನ್ನು ಕುಡಿಯುವ ಬಾಟಲಿಗೆ ಸುರಿದಿಡಬಾರದು. ನೀರಿನ ಬಕೆಟ್ಟನ್ನು ಬಳಸಿದ ಕೂಡಲೇ ಬೋರಲು ಹಾಕಬೇಕು, ಕೆಲವೇ ಅಂಗುಲ ನೀರಿನಲ್ಲೂ ಪುಟ್ಟ ಮಗು ಮುಳುಗುತ್ತದೆ. ಕಟ್ಟುವ ದಾರದ ಉಂಡೆ, ನೇತಾಡುವ ಪ್ಲಾಸ್ಟಿಕ್ ಚೀಲದ ಕಟ್ಟು, ಕಟರ್, ಇವೆಲ್ಲಕ್ಕೂ ಗಲ್ಲಾದ ಮೇಲುಗಡೆ ಒಂದೊಂದು ಕೊಕ್ಕೆ, ಬಳಸಿದ ಮೇಲೆ ಅಲ್ಲಿಗೇ ವಾಪಸು. ಬಿಲ್ಲಿನ ನುಣುಪು ಕಾಗದವನ್ನು ಆಡಲು ಕೊಡಬೇಡಿ. ಶಾಖಕ್ಕೆ ಕಪ್ಪಾಗುವ ಆ ಕಾಗದದ ಲೇಪದಲ್ಲಿ ಬಿಸ್ಫಿನಾಲ್ ಜಾತಿಯ ರಾಸಾಯನಿಕ ಇರುವುದುಂಟು, ಮಕ್ಕಳು ಅದನ್ನು ಬಾಯಿಗೆ ಹಾಕುತ್ತಾರೆ. ಇನ್ನು ತೆರೆದ ಬಾಗಿಲು. ಅಲ್ಲಿಂದ ಬೀದಿಗೆ ಎರಡೇ ಹೆಜ್ಜೆ, ಮತ್ತು ಹಿಂದಕ್ಕೆ ಬರುವ ಸರಕಿನ ಗಾಡಿಯವನಿಗೆ ಚಿಕ್ಕ ಮಗು ಕಾಣುವುದೇ ಇಲ್ಲ. ಗಲ್ಲಾದ ಹಿಂದಿನ ಜಾಗಕ್ಕೆ ಗೇಟು ಹಾಕಬೇಕು. ಕಂಬಿಗಳು ನೆಟ್ಟಗಿರಲಿ, ಅಡ್ಡಪಟ್ಟಿಯಿದ್ದರೆ ಮಗು ಅದರ ಮೇಲೆ ಕಾಲಿಟ್ಟು ಹತ್ತುತ್ತದೆ. ಕಂಬಿಗಳ ಸಂದು ತಲೆ ತೂರದಷ್ಟು ಕಿರಿದು, ಚಿಲಕ ಹೊರಬದಿಯಲ್ಲಿ. ಶಟರ್ ಎಳೆಯುವ ಮುನ್ನ ಮಗು ಎಲ್ಲಿದೆ ಎಂದು ಕಣ್ಣಾರೆ ನೋಡಿದ ಮೇಲೆಯೇ ಕೈ ಹಾಕುವುದು.

ಶಾಲೆಗೆ ಹೋಗುವ ಮಕ್ಕಳಿಗೆ ಬೇಕಾಗುವುದು ಒಂದು ಮೇಜು, ಒಂದು ನಿಗದಿತ ಹೊತ್ತು. ಗಲ್ಲಾದ ಮೇಲೇ ಪುಸ್ತಕ ಹರಡಿದರೆ ಪ್ರತಿ ಗಿರಾಕಿಗೂ ತಲೆಯೆತ್ತುತ್ತಾರೆ, ಒಂದು ಲೆಕ್ಕಕ್ಕೆ ಅರ್ಧ ಗಂಟೆ ಹಿಡಿಯುತ್ತದೆ. ಬಾಗಿಲಿಗೆ ಬೆನ್ನು ಮಾಡಿ ಕೂರುವಂತೆ, ನಮಗೆ ಅವರು ಕಾಣುವಂತೆ ಓರೆಯಾಗಿ ಮೇಜು ಹಾಕಬೇಕು. ಮೊದಲೇ ಬರೆದ ಗಂಟೆಗಂಟೆಯ ಹಾಳೆಯಲ್ಲಿ ವ್ಯಾಪಾರ ತಣ್ಣಗಿರುವ ಹೊತ್ತು ಕಾಣುತ್ತದಲ್ಲ, ಹೋಂವರ್ಕ್ ನೋಡಲು ಅದೇ ಹೊತ್ತು. ಅಂಗಡಿಯ ಫೋನನ್ನು ಮಗುವನ್ನು ಸುಮ್ಮನಿರಿಸಲು ಕೊಡುವುದು ಬೇಡ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ, 2 ವರ್ಷದೊಳಗಿನವರಿಗೆ ಪರದೆ ಬೇಡ, 2ರಿಂದ 4 ವರ್ಷದವರಿಗೆ ದಿನಕ್ಕೆ 1 ಗಂಟೆ ಮೀರಬಾರದು ಎಂದಿದೆ. ಅಂಗಡಿಯ ಪಾಲಿಗೆ ಇನ್ನೂ ಒಂದು ಕಾರಣವಿದೆ. ಆರ್ಡರ್, ಹಣದ ಸಂದೇಶ, ಸಗಟಿನವರ ಕರೆ ಎಲ್ಲ ಬರುವುದು ಅದೇ ಫೋನಿಗೆ. ಮಗುವಿನ ಬೆರಳು ತಾಗಿ ಸಂದೇಶ ಅಳಿದರೆ ಆರ್ಡರ್ ಹೋಯಿತು.

ಮಕ್ಕಳು ಅಂಗಡಿಯಲ್ಲಿ ಕೈಜೋಡಿಸಬಹುದೇ? ಬಹುದು, ಆದರೆ ಗೆರೆ ಎಲ್ಲಿದೆ ಎಂದು ದೊಡ್ಡವರಿಗೆ ಸ್ಪಷ್ಟವಾಗಿರಬೇಕು. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 1973ರ 138ನೇ ಒಪ್ಪಂದ ದುಡಿಮೆಗೆ ಕನಿಷ್ಠ ವಯಸ್ಸು 15 ಎನ್ನುತ್ತದೆ, ಹಿಂದುಳಿದ ಆರ್ಥಿಕತೆಯ ದೇಶಗಳು ಮೊದಲಿಗೆ 14 ಇಟ್ಟುಕೊಳ್ಳಬಹುದು. ಅಪಾಯದ ಕೆಲಸಕ್ಕೆ 18. ಆರೋಗ್ಯಕ್ಕೂ ಶಾಲೆಗೂ ಧಕ್ಕೆಯಾಗದ ಹಗುರ ಕೆಲಸಕ್ಕೆ ಮಾತ್ರ 13ರಿಂದ 15ರವರಿಗೆ ಅವಕಾಶ ಬಿಟ್ಟಿದೆ. 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯ 31ನೇ ವಿಧಿ ವಿರಾಮ ಮತ್ತು ಆಟವನ್ನು ಹಕ್ಕೆಂದು ಹೇಳುತ್ತದೆ. ಹೆತ್ತವರ ಅಂಗಡಿ ಎಂಬ ಕಾರಣಕ್ಕೆ ಆ ಹಕ್ಕು ಕರಗುವುದಿಲ್ಲ. ನಾವು ಇಟ್ಟುಕೊಳ್ಳುವ ಅಳತೆ ಸುಲಭ: ಮಗು ಇವತ್ತು ಬರಲಿಲ್ಲ ಎಂದು ಅಂಗಡಿಯ ಒಂದು ಕೆಲಸವಾದರೂ ನಿಂತರೆ, ಅದು ಕೈಜೋಡಿಸುವುದಲ್ಲ, ದುಡಿಮೆ. ಅಂಥ ಕೆಲಸವನ್ನು ದೊಡ್ಡವರಿಗೆ ವಹಿಸಬೇಕು, ಇಲ್ಲವೇ ಕೈಬಿಡಬೇಕು.

ಆರೇಳು ವರ್ಷದವರು ಡಬ್ಬಿಗಳ ಮುಖ ಮುಂದೆ ತಿರುಗಿಸಿ ಜೋಡಿಸುವುದನ್ನು ಆಟದಂತೆ ಮಾಡುತ್ತಾರೆ. ಒಂಬತ್ತು ಹತ್ತರವರು ದೊಡ್ಡವರು ಎಣಿಸುವಾಗ ಬಿಲ್ಲು ಓದಿ ಹೇಳಬಹುದು, ದಿನಾಂಕ ಹುಡುಕಬಹುದು. ಚಿಲ್ಲರೆಯನ್ನು ಮೇಲೇರುತ್ತಾ ಎಣಿಸುವುದನ್ನು ದೊಡ್ಡವರ ಪಕ್ಕದಲ್ಲಿ ನಿಂತು ಕಲಿಯಬಹುದು. ಹತ್ತು ಹದಿನೈದು ನಿಮಿಷ, ಅವರಿಗೆ ಬೇಸರ ಬರುವ ಮುನ್ನ ಬಿಡುಗಡೆ. ಅಂಗಡಿಯಲ್ಲಿ ಒಬ್ಬರನ್ನೇ ಕೂರಿಸುವುದು, ಏಣಿ ಹತ್ತಿಸುವುದು, ಕಟರ್ ಹಿಡಿಸುವುದು, ಚೀಲ ಹೊರಿಸುವುದು, ತಂಬಾಕಿನ ಮಾಲು ಮುಟ್ಟಿಸುವುದು ಕೂಡದು. ಇವೆಲ್ಲಕ್ಕಿಂತ ಕೆಟ್ಟದ್ದು ಬಾಕಿ ಕೇಳಲು ಮಗುವನ್ನು ಕಳಿಸುವುದು. ಮಗುವಿಗೆ ಬೈದು ಕಳಿಸುವುದು ಬಾಕಿದಾರರಿಗೆ ಸುಲಭ, ಆ ಮಾತು ಮಗುವಿನ ಮನಸ್ಸಿನಲ್ಲಿ ಉಳಿಯುತ್ತದೆ.

ಉದ್ರಿಗೆ ಒಂದೇ ಪುಸ್ತಕ, ಒಬ್ಬರಿಗೆ ಒಂದು ಪುಟ, ಪುಟದ ತಲೆಯಲ್ಲಿ ಮಿತಿ. ಮಿತಿ ದಾಟಿದರೆ ಯಾರು ಕೂತಿದ್ದರೂ ಒಂದೇ ಉತ್ತರ. 30 ದಿನದೊಳಗಿನದು, 30ರಿಂದ 60ರದು, 60 ದಾಟಿದ್ದು ಎಂದು ತಿಂಗಳಿಗೊಮ್ಮೆ ವಿಂಗಡಿಸಿದರೆ ಯಾರನ್ನು ಮೊದಲು ಕೇಳಬೇಕೆಂದು ತಿಳಿಯುತ್ತದೆ.

ಇಬ್ಬರು ದೊಡ್ಡವರಿರುವಲ್ಲಿ ಆಗುವ ಮುಖ್ಯ ತಪ್ಪು, ಇಬ್ಬರೂ ಎರಡನ್ನೂ ಅರ್ಧರ್ಧ ನೋಡುವುದು. ಮಗು ಅವರ ಹತ್ತಿರ ಇದೆ ಎಂದು ಇವರು, ಇವರ ಹತ್ತಿರ ಇದೆ ಎಂದು ಅವರು. ಈ ಹೊತ್ತಿನಲ್ಲಿ ಅಂಗಡಿ ಯಾರದು, ಮಗು ಯಾರದು ಎಂದು ಬಾಯಿಬಿಟ್ಟು ಹೇಳಿಕೊಳ್ಳಬೇಕು. ಪಾಳಿ ಬದಲಿಸುವಾಗ ಗಲ್ಲಾದಲ್ಲಿ ಎಷ್ಟಿದೆ, ಯಾವ ಮಾಲು ಬರಬೇಕಿದೆ, ಮಗು ಕೊನೆಗೆ ಯಾವಾಗ ಉಂಡಿತು, ಮಲಗಿತು ಎಂಬ ನಾಲ್ಕು ಮಾತು ದಾಟಬೇಕು. ಒಬ್ಬರೇ ನಡೆಸುವ ಅಂಗಡಿಗೆ, ಮತ್ತು ಮಗುವಿಗೆ ಜ್ವರ ಬಂದ ದಿನ ಎಲ್ಲ ಅಂಗಡಿಗಳಿಗೂ, ಒಂದು ಬದಲಿಯವರ ಹಾಳೆ ಬೇಕು. ಬಾಗಿಲು ತೆಗೆಯುವ ಕ್ರಮ, ಮೇನ್ ಸ್ವಿಚ್ ಎಲ್ಲಿದೆ, ಉದ್ರಿ ಯಾರಿಗಿದೆ, ಏನನ್ನು ಕೊಡಬಾರದು, ಯಾರಿಗೆ ಫೋನ್ ಮಾಡಬೇಕು ಎಂಬುದು ಒಂದೇ ಪುಟದಲ್ಲಿ. ನಂಬಿಕಸ್ಥ ನೆರೆಯವರೊಬ್ಬರಿಗೆ ಎಲ್ಲ ಸರಿಯಿರುವ ಒಂದು ದಿನವೇ ಎರಡು ಗಂಟೆ ಅಂಗಡಿ ವಹಿಸಿ, ಹಾಳೆಯಲ್ಲಿ ಏನು ಬಿಟ್ಟುಹೋಗಿದೆ ಎಂದು ನೋಡಿಕೊಳ್ಳಬೇಕು. ಜ್ವರದ ರಾತ್ರಿ ಅದನ್ನು ಬರೆಯಲು ಕೂರುವುದಾಗುವುದಿಲ್ಲ. ಬಾಡಿಗೆ, ವಿದ್ಯುತ್ತು, ಸಾಲದ ಕಂತುಗಳಂಥ ತಪ್ಪದ ಖರ್ಚಿನ ಮೂರು ತಿಂಗಳ ಮೊತ್ತ ಪಕ್ಕಕ್ಕಿಟ್ಟಿದ್ದರೆ ವಾರಗಟ್ಟಲೆ ಮುಚ್ಚಬೇಕಾದರೂ ಅಂಗಡಿ ಉಳಿಯುತ್ತದೆ.

ನಿಮ್ಮ ಪತ್ರಿಕೆಯ ಮೂಲಕ ಇತರರಲ್ಲೂ ಕೆಲವು ಮಾತು ಕೇಳಿಕೊಳ್ಳುತ್ತೇವೆ. ಗಿರಾಕಿಗಳೇ, ಮುಚ್ಚಿದ ಶಟರ್ ಬಡಿಯಬೇಡಿ. ಬೋರ್ಡಿನಲ್ಲಿ ಬರೆದ ಗಂಟೆಗೆ ಬನ್ನಿ. ಗಲ್ಲಾ ಮುಂದೆ ಮಗು ಮಾತ್ರ ಕಂಡರೆ ಅದರ ಕೈಗೆ ಹಣ ಕೊಡದೆ, ಉದ್ರಿ ಬರೆಸದೆ, ದೊಡ್ಡವರು ಬರುವ ತನಕ ನಿಲ್ಲಿ. ಸಗಟು ವ್ಯಾಪಾರಿಗಳೇ, ಗಾಡಿ ಬರುವ ಎರಡು ಗಂಟೆಯ ಅವಧಿಯನ್ನು ಹಿಂದಿನ ದಿನವೇ ತಿಳಿಸಿ, ಎಣಿಸಿ ತೆಗೆದುಕೊಳ್ಳಲು ಹತ್ತು ನಿಮಿಷ ಕೊಡಿ. ಸಂಪಾದಕರೇ, ದುಡಿಮೆ ಮತ್ತು ಮಕ್ಕಳ ಕುರಿತ ಪುಟಗಳಲ್ಲಿ ಗಲ್ಲಾ ಹಿಂದೆ ಮಕ್ಕಳನ್ನು ಬೆಳೆಸುವವರಿಗೂ ಜಾಗ ಮಾಡಿಕೊಡಿ. ಬಟನ್ ಸೆಲ್ ನುಂಗಿದಾಗ ಏನು ಮಾಡಬೇಕು ಎಂಬುದನ್ನಾದರೂ ಕತ್ತರಿಸಿ ಗೋಡೆಗೆ ಅಂಟಿಸಿಕೊಳ್ಳುವಂಥ ಪೆಟ್ಟಿಗೆ ಸುದ್ದಿಯಾಗಿ ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿ.

ಇಂತಿ ತಮ್ಮ ವಿಶ್ವಾಸಿಗಳು,
ಸಣ್ಣ ಅಂಗಡಿ ನಡೆಸುವ ತಂದೆ ತಾಯಂದಿರು